ನಲವತ್ತನಾಲ್ಕನೆಯ ಇಂಚು

ಸ್ಕೋಕಿ
ಸೆಪ್ಟೆಂಬರ್ 8, 2024

ಚಿರಂಜೀವಿ ಪದ್ದುವಿಗೆ,

ನಿನ್ನ ಅಕ್ಕನ ಆಶೀರ್ವಾದ. ವಾರೆನ್‌ನಲ್ಲಿ ಮಗನ ಮನೆ ಒಗ್ಗಿತೇ? ಕುನಾಲ ನಿನಗೆ ಮೇಲಿನ ರೂಮು ಕೊಟ್ಟಿದ್ದರೆ ಈಗಲೇ ಬದಲಾಯಿಸಿಕೋ. ನಿನ್ನ ಮಂಡಿಗೆ ಮೆಟ್ಟಿಲು ಆಗದು. ನೀನಾಗಿ ಕೇಳುವವನಲ್ಲ, ಬೇಕಾದರೆ ನಾನೇ ಕುನಾಲನಿಗೆ ಬರೆಯುತ್ತೇನೆ.

ಫೋನ್ ಮಾಡು ಎಂದು ಮಾತ್ರ ಹೇಳಬೇಡ. ಕಿವಿಯ ಮೆಷಿನ್ನಿಗೆ ಫೋನ್ ಮುಟ್ಟಿಸಿದರೆ ಶಿಳ್ಳೆ ಹೊಡೆಯುತ್ತದೆ. ಸ್ಪೀಕರ್ ಹಾಕಿದರೆ ಮನೆಯವರಿಗೆಲ್ಲ ಕೇಳುತ್ತದೆ, ನನಗೊಬ್ಬಳಿಗೆ ಕೇಳುವುದಿಲ್ಲ. ನಮಗೆ ಕಾಗದವೇ ಸರಿ.

ಈಗ ಸುದ್ದಿ. ಭಾನು ಮನೆ ಕೊಂಡಳು! ಚಿಕಾಗೋದಿಂದ ಪಶ್ಚಿಮಕ್ಕೆ ಐವತ್ತೈದು ಮೈಲಿ, ಲಾರ್ಕ್ಸ್ ಎಂಡ್ ಎಂಬ ಬಡಾವಣೆ. ಹದಿನಾಲ್ಕೇ ಮನೆ, ಸುತ್ತಲೂ ಮುಸುಕಿನ ಜೋಳ. ಎಲ್ಲರಿಗೂ ಅವರವರದೇ ಬೋರ್‌ವೆಲ್, ಅವರವರದೇ ಸೆಪ್ಟಿಕ್ ಟ್ಯಾಂಕ್. ಮೊದಲು ನೋಡಿದ ಎರಡು ಮನೆಗಳಿಗೆ ಊರಿನ ನಲ್ಲಿ ನೀರು ಇತ್ತು. ಅಳಿಯ ಅನುಜನಿಗೆ ಅವೇ ಹಿಡಿಸಿದ್ದವು. ಆದರೆ ಈ ಮನೆಯ ಏಜೆಂಟ್ ಕಾಗದಗಳನ್ನು ಹರಡಿದಾಗ ಅದರಲ್ಲೊಂದು ಮಣ್ಣಿನ ರಿಪೋರ್ಟು, ಕೆಳಗೆ ಸಹಿ. ಭಾನು ಕೂತಲ್ಲಿಂದ ಎದ್ದೇಬಿಟ್ಟಳು. “ಅಮ್ಮ, ಇದು ಪದ್ದು ಮಾವನ ಸೈನ್! ಮಾವ ಚೆಕ್ ಮಾಡಿರೋ ಜಾಗ!” ಅಲ್ಲಿಗೆ ಚರ್ಚೆ ಮುಗಿಯಿತು. ಲಾಟ್ ನಂಬರ್ ಒಂಬತ್ತು, ಅಂದರೆ ಒಂಬತ್ತನೇ ಸೈಟು.

ಇನ್ನೊಂದು ವಿಷಯ ನಿನಗೊಬ್ಬನಿಗೇ. ಭಾನುವಿಗೆ ಐದನೇ ತಿಂಗಳು. ಹಿಂದೆ ಎರಡು ಸಲ ನಿಲ್ಲಲಿಲ್ಲವಲ್ಲ, ಅದಕ್ಕೆ ಯಾರಿಗೂ ಹೇಳಿಲ್ಲ. ಜನವರಿ ಕೊನೆಗೆ ಡೇಟು. ಬಾಣಂತನಕ್ಕೆಂದು ನಾನೂ ಇಲ್ಲಿಯ ಅಪಾರ್ಟ್‌ಮೆಂಟ್ ಬಿಟ್ಟು ಅಲ್ಲಿಗೇ ಹೋಗುತ್ತಿದ್ದೇನೆ.

ನಿನ್ನ ಅಕ್ಕ,
ಅನಸೂಯ


ವಾರೆನ್, ಮಿಷಿಗನ್
ಸೆಪ್ಟೆಂಬರ್ 15, 2024

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ರೂಮು ಕೆಳಗಿನದೇ, ಬೈಯಬೇಡ. ಭಾನುವಿನ ಸುದ್ದಿ ಕೇಳಿ ಕಣ್ಣಲ್ಲಿ ನೀರು ಬಂತು. ನನ್ನ ಸುಚೇತಾ ಬದುಕಿದ್ದಿದ್ದರೆ ಇಷ್ಟು ಹೊತ್ತಿಗೆ ಕುಲಾವಿ ಹೆಣೆಯಲು ಕೂತಿರುತ್ತಿದ್ದಳು.

ಲಾಟ್ ಒಂಬತ್ತರ ಬಗ್ಗೆ ಕೇಳದಿದ್ದರೂ ಹೇಳುತ್ತೇನೆ, ಕೇಳಿಸಿಕೊಳ್ಳುವವರು ಇಲ್ಲಿ ಯಾರಿದ್ದಾರೆ? ಕುನಾಲನಿಗೆ ಕಾರಿನ ಚಕ್ರದ ಕೆಳಗೆ ಮಣ್ಣಿದೆ ಎಂಬುದೇ ಗೊತ್ತಿಲ್ಲ. ಮಣ್ಣಿಗೂ ಗೋತ್ರ ಪ್ರವರ ಇದೆ ಎಂದರೆ ನೀನು ಯಾವಾಗಲೂ ನಗುತ್ತಿದ್ದೆ. ಇದೆ, ಅಕ್ಕ. ಗಣ, ಉಪಗಣ, ಕುಟುಂಬ, ಕೊನೆಗೆ ಮನೆತನದ ಹೆಸರು. ಅಲ್ಲಿಯದು ಮಾಲಿಸಾಲ್ ಗಣ, ಅಂದರೆ ಹುಲ್ಲುಗಾವಲಿನ ಮಣ್ಣು. ಆಳೆತ್ತರದ ಹುಲ್ಲು ಸಾವಿರಾರು ವರ್ಷ ಬೆಳೆದು, ಬೇರು ಅಲ್ಲೇ ಕೊಳೆತು ಆದ ಕಪ್ಪು ಅದು. ನಮ್ಮ ಕಡೆಯ ಎರೆಮಣ್ಣಿನ ಕಪ್ಪಲ್ಲ. ಎರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಕಾಲನ್ನು ಹಿಡಿದು ಬಿಡುವುದಿಲ್ಲ. ಇದು ಹಿಡಿಯಲ್ಲಿ ಹಿಸುಕಿದರೆ ಉಪ್ಪಿಟ್ಟಿನ ಹಾಗೆ ಉದುರುತ್ತದೆ.

ಮೇಲೆ ಒಂದೂವರೆ ಅಡಿ ಕಪ್ಪು. ಅದರ ಕೆಳಗೆ ಬೆಲ್ಲದ ಬಣ್ಣದ ಜಿಗುಟು ಮಣ್ಣು, ಹೆಂಟೆ ಒಡೆದರೆ ಒಳಮುಖ ಮಿರಮಿರ ಹೊಳೆಯುತ್ತದೆ. ಎಲ್ಲಿಯೂ ಬೂದು ಚುಕ್ಕೆಯಿಲ್ಲ. ಬೂದು ಇದ್ದರೆ ಅಲ್ಲಿ ನೀರು ನಿಲ್ಲುತ್ತದೆ ಎಂದರ್ಥ. ಇಂಥ ಮಣ್ಣು ಅರವತ್ತು ಇಂಚಿನವರೆಗೆ, ಅಂದರೆ ಐದಡಿ ಆಳಕ್ಕೆ ಇರಬೇಕು. ಇದ್ದರೆ ನೀರು ನಿಲ್ಲುವುದೂ ಇಲ್ಲ, ಓಡಿಹೋಗುವುದೂ ಇಲ್ಲ. ಬಟ್ಟೆಯಲ್ಲಿ ಶೋಧಿಸಿದ ಹಾಗೆ ನಿಧಾನ ಇಳಿಯುತ್ತದೆ. ಸೆಪ್ಟಿಕ್ಕಿನ ಕೊಳೆಯನ್ನು ತೊಳೆಯುವುದು ಆ ನಿಧಾನವೇ. ‘ಆಳವಾದ, ನೀರು ಚೆನ್ನಾಗಿ ಬಸಿಯುವ ಮಣ್ಣು’ ಎಂದು ಬರೆದು ಸಹಿ ಹಾಕುವುದು ನಮ್ಮ ಕಸುಬಿನಲ್ಲಿ ಒಂದು ಸಂತೋಷ.

ಭಾನು ಒಳ್ಳೆಯ ನೆಲದ ಮೇಲೆ ಇದ್ದಾಳೆ. ನಿಶ್ಚಿಂತೆಯಾಗಿರು.

ನಿನ್ನ ತಮ್ಮ,
ಪದ್ಮನಾಭ


ಲಾರ್ಕ್ಸ್ ಎಂಡ್
ಅಕ್ಟೋಬರ್ 20, 2024

ಪದ್ದುವಿಗೆ ಆಶೀರ್ವಾದ.

ಹೊಸ ಮನೆಯಿಂದ ಮೊದಲ ಪತ್ರ. ನನ್ನ ಕಿಟಕಿಯಿಂದ ನೋಡಿದರೆ ಕಟಾವಾದ ಜೋಳದ ಹೊಲ, ಆಚೆಗೆ ಏನೂ ಇಲ್ಲ. ಮೊದಲ ಎರಡು ದಿನ ಹೆದರಿಕೆಯಾಯಿತು. ಈಗ ಹಿತವಾಗಿದೆ.

ಮನೆಯ ಹಿಂದೆ ಮರದ ಜಗಲಿ ಕಟ್ಟಿಸುತ್ತಿದ್ದಾರೆ, ಡೆಕ್ ಎನ್ನುತ್ತಾರಲ್ಲ ಅದು. ಚಳಿಗೆ ನೆಲ ಹೆಪ್ಪುಗಟ್ಟಿ ಕಂಬ ಎತ್ತುತ್ತದಂತೆ, ಅದಕ್ಕೆ ನಾಲ್ಕಡಿ ಅಗೆಯಬೇಕಂತೆ. ನಾನು ಕುರ್ಚಿ ಹಾಕಿಕೊಂಡು ನೋಡುತ್ತಾ ಕೂತೆ. ನೀನು ಬರೆದ ಹಾಗೇ ಬಂತು ಕಣೋ! ಮೊದಲು ಕಾಡಿಗೆಯಂಥ ಕಪ್ಪು, ಆಮೇಲೆ ಬೆಲ್ಲ. ನನಗೆ ತಡೆಯಲಾಗಲಿಲ್ಲ. ಅಗೆಯುವ ಮೇಸ್ತ್ರಿಗೆ ನನ್ನ ಅರೆಬರೆ ಇಂಗ್ಲಿಷಿನಲ್ಲಿ ಹುಲ್ಲು, ಬೇರು, ಸಾವಿರ ವರ್ಷ ಎಲ್ಲ ವಿವರಿಸಿದೆ. ಅವನು ಟೊಪ್ಪಿ ತೆಗೆದು ಕೇಳಿಸಿಕೊಂಡ.

ಗುಂಡಿಯ ತಳದಲ್ಲಿ ಮಾತ್ರ ಮೆಷಿನ್ನು ಕರಕರ ಎಂದು ಕೂಗಿತು. ನನ್ನ ಕಿವಿಗೇ ಕೇಳಿಸಿತು ಎಂದರೆ ನೋಡು. ತೆಗೆದರೆ ಜಲ್ಲಿ. ರಸ್ತೆಗೆ ಹಾಕುತ್ತಾರಲ್ಲ ಅಂಥದೇ, ದುಂಡಗೆ, ತೊಳೆದಿಟ್ಟ ಹಾಗೆ. ಆರು ಗುಂಡಿಯಲ್ಲೂ ಅದೇ ಆಳದಲ್ಲಿ ಬಂತು. ಮೇಸ್ತ್ರಿ ಒಂದು ಬಕೆಟ್ ನೀರು ಸುರಿದ. ಒಂದರಿಂದ ಹತ್ತು ಎಣಿಸುವುದರೊಳಗೆ ಮಾಯ! ಇಂಥ ಡ್ರೇನೇಜ್ ತಾನು ನೋಡೇ ಇಲ್ಲ ಎಂದ. ನಿನ್ನ ರಿಪೋರ್ಟಿನಲ್ಲಿ ಇದ್ದದ್ದೂ ಅದೇ ತಾನೇ ಎಂದು ನಾನು ಬೀಗಿದೆ.

ಅಂದಹಾಗೆ ಭಾನುವಿನ ಗೆಳತಿ ಮಾಳವಿಕಾ, ಬೆಂಗಳೂರಿನ ಹುಡುಗಿ, ಲಾಟ್ ಹನ್ನೊಂದನ್ನು ಕೊಂಡಿದ್ದಾಳೆ. ಅವಳದೂ ನಿನ್ನ ಸಹಿ ನೋಡಿಯೇ. ಕಮಿಷನ್ ಕೇಳು.

ನಿನ್ನ ಅಕ್ಕ,
ಅನಸೂಯ


(ಬರೆದು ಅಂಚೆಗೆ ಹಾಕದೆ ಇಟ್ಟದ್ದು)

ವಾರೆನ್
ಅಕ್ಟೋಬರ್ 27, 2024

ಅಕ್ಕ,

ನಿನ್ನ ಪತ್ರ ಓದಿದ ಮೇಲೆ ಗ್ಯಾರೇಜಿಗೆ ಹೋಗಿ 2014ರ ಫೀಲ್ಡ್ ಪುಸ್ತಕ ಹುಡುಕಿದೆ. ನವೆಂಬರ್ ಒಂದು, ಶನಿವಾರ. ಅವತ್ತು ಸ್ಕೋಕಿಯಲ್ಲಿ ಕನ್ನಡ ರಾಜ್ಯೋತ್ಸವ. ನಾಲ್ಕು ಗಂಟೆಗೆ ನನ್ನ ಭಾಷಣ, ಆಮೇಲೆ ಸನ್ಮಾನ. ಸುಚೇತಾ ರೇಷ್ಮೆ ಜುಬ್ಬ ಇಸ್ತ್ರಿ ಮಾಡಿ ಕಾರಿನಲ್ಲಿ ನೇತುಹಾಕಿದ್ದಳು.

ಒಂದೊಂದು ಲಾಟಿಗೆ ಮೂರು ಗುಂಡಿ ಕೊರೆಯಬೇಕು, ಒಂದೊಂದೂ ಅರವತ್ತು ಇಂಚು. ಮೊದಲ ಎಂಟು ಲಾಟುಗಳನ್ನು ಹಿಂದಿನ ವಾರ ನಿಯತ್ತಾಗಿ ಮುಗಿಸಿದ್ದೆ. ಆಳದ ಮಣ್ಣು, ಚಿನ್ನದಂಥದು. ಒಂಬತ್ತರಿಂದ ಹದಿನಾಲ್ಕರವರೆಗೆ ಅವತ್ತಿಗೆ ಉಳಿದಿತ್ತು. ಒಂಬತ್ತರ ಮೊದಲ ಗುಂಡಿಯಲ್ಲಿ ನಲವತ್ತನಾಲ್ಕನೆಯ ಇಂಚಿಗೆ ಕೊರೆಯುವ ಆಗರ್ ಕರಕರ ಎಂದಿತು. ಕಲ್ಲು ಸಿಕ್ಕರೆ ಎರಡಡಿ ಪಕ್ಕಕ್ಕೆ ಹೋಗಿ ಮತ್ತೆ ಕೊರೆಯುವುದು ನಮ್ಮ ಕಸುಬಿನವರ ರೂಢಿ. ಹೋದೆ. ಅಲ್ಲಿಯೂ ನಲವತ್ತನಾಲ್ಕಕ್ಕೇ ಕರಕರ ಎಂದಿತು. ಬಿಡಿ ಕಲ್ಲಾದರೆ ಎರಡು ಕಡೆ ಒಂದೇ ಆಳದಲ್ಲಿ ಸಿಗುವುದಿಲ್ಲ. ಅದು ಜಲ್ಲಿಯ ಪದರ. ಇದು ನನಗೆ ಆಗಲೇ ಗೊತ್ತಾಯಿತು ಅಕ್ಕ, ಈಗಲ್ಲ.

ಗಂಟೆ ಎರಡಾಗಿತ್ತು. ಎಂಟು ಲಾಟಿನಲ್ಲಿ ಇಲ್ಲದ್ದು ಇಲ್ಲಿ ಎಲ್ಲಿಂದ ಬರಬೇಕು ಎಂದುಕೊಂಡು ಉಳಿದ ಹದಿನಾರು ಇಂಚನ್ನು ಮನಸ್ಸಿನಲ್ಲೇ ಕೊರೆದೆ. ಪುಸ್ತಕದಲ್ಲಿ 44 ಎಂದಿದೆ. ರಿಪೋರ್ಟಿನಲ್ಲಿ 60 ಎಂದಿದೆ. ಉಳಿದ ಐದು ಲಾಟುಗಳಲ್ಲಿ ಆಗರ್ ಇಳಿಸಲೇ ಇಲ್ಲ. ನಾಲ್ಕಕ್ಕೆ ಸರಿಯಾಗಿ ವೇದಿಕೆಯ ಮೇಲಿದ್ದೆ. ‘ನಮ್ಮ ಕಾಲ ಕೆಳಗಿನ ನೆಲ’ ಎಂದು ಮಾತಾಡಿದೆ. ನೀನು ಮುಂದಿನ ಸಾಲಿನಲ್ಲಿ ಕೂತಿದ್ದೆ.

ಜಲ್ಲಿ ಇದ್ದಲ್ಲಿ ಮಣ್ಣು ಬಟ್ಟೆಯಾಗಿ ಉಳಿಯುವುದಿಲ್ಲ, ಜರಡಿಯಾಗುತ್ತದೆ. ಸೆಪ್ಟಿಕ್ಕಿನದೂ, ಹೊಲದ ಗೊಬ್ಬರದ್ದೂ ತೊಳೆಯದೆ ನೇರವಾಗಿ ಬೋರ್‌ವೆಲ್ಲಿಗೆ ಇಳಿಯುತ್ತದೆ. ಅದರಲ್ಲಿ ನೈಟ್ರೇಟ್ ಎಂಬುದಿದೆ. ಬಣ್ಣವಿಲ್ಲ, ರುಚಿಯಿಲ್ಲ, ದೊಡ್ಡವರಿಗೆ ಕುಡಿದದ್ದೂ ಗೊತ್ತಾಗದು. ಹಸುಗೂಸಿನ ಹೊಟ್ಟೆಗೆ ಹೋದರೆ ಅದರ ರಕ್ತ ಉಸಿರನ್ನು ಹೊರಲಾರದು. ಮಗು ನೀಲಿಯಾಗುತ್ತದೆ. ತಡವಾದರೆ ಉಳಿಯುವುದಿಲ್ಲ.

ಇದನ್ನು ಭಾನುವಿಗೂ ಅನುಜನಿಗೂ ಓದಿ ಹೇಳು. ಮಗು ಬರುವುದರೊಳಗೆ ಆ ನೀರನ್ನು ಅಡಿಗೆಮನೆಯಿಂದ ತೆಗೆಸು. ಅವರು ನನ್ನನ್ನು ಏನೆಂದರೂ ಸರಿ.

ಪದ್ಮನಾಭ


ವಾರೆನ್
ಅಕ್ಟೋಬರ್ 28, 2024

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ಪತ್ರ ತಲುಪಿತು. ಡೆಕ್ ಕಟ್ಟಿಸುವುದು ಒಳ್ಳೆಯದೇ, ಬಿಸಿಲು ಕಾಯಲು ಆಗುತ್ತದೆ. ಅಲ್ಲಲ್ಲಿ ಸ್ವಲ್ಪ ಜಲ್ಲಿ ಇರುವುದು ಆ ಕಡೆ ಸಹಜ.

ಬೋರ್‌ವೆಲ್ ಎಷ್ಟು ಆಳವೆಂದು ಅನುಜನನ್ನು ಕೇಳಿ ತಿಳಿಸುತ್ತೀಯಾ? ಕೊಳ್ಳುವ ಮುಂಚೆ ನೀರಿನ ಪರೀಕ್ಷೆ ಆಗಿರಬೇಕಲ್ಲ, ಅದರ ಅಂಕಿ ಏನಿತ್ತು? ಹೀಗೇ ಕುತೂಹಲಕ್ಕೆ. ಆ ಭಾಗದ ನೀರು ಗಡುಸು, ಚಹಾಕ್ಕೆ ರುಚಿ ಬರುವುದಿಲ್ಲ. ಕುಡಿಯಲು ಅಂಗಡಿಯ ಬಾಟಲಿ ನೀರು ತರಿಸಿಕೊಂಡರೆ ವಾಸಿ ಎನಿಸುತ್ತದೆ. ಭಾನುವಿಗೂ ಹಿತವಾಗಬಹುದು.

ಇಲ್ಲಿ ಚಳಿ ಶುರುವಾಗಿದೆ.

ನಿನ್ನ ತಮ್ಮ,
ಪದ್ಮನಾಭ


ಲಾರ್ಕ್ಸ್ ಎಂಡ್
ನವೆಂಬರ್ 17, 2024

ಪದ್ದುವಿಗೆ ಆಶೀರ್ವಾದ.

ನಿನ್ನ ಪತ್ರ ಓದಿ ಎಲ್ಲರೂ ನಕ್ಕೆವು. ಮಣ್ಣಿಗೆ ಸರ್ಟಿಫಿಕೇಟ್ ಕೊಟ್ಟವನೂ ನೀನೇ, ಅದರ ನೀರಿಗೆ ಮೂತಿ ಮುರಿಯುವವನೂ ನೀನೇ. ಚಹಾ ಬಹಳ ಚೆನ್ನಾಗಿ ಆಗುತ್ತದೆ, ಬಂದು ಕುಡಿದು ನೋಡು.

ಬೋರ್‌ವೆಲ್ ನಲವತ್ತೆರಡು ಅಡಿಯಂತೆ. ಈ ಜಾಗದಲ್ಲಿ ಹಿಂದೆ ಇದ್ದ ರೈತನ ಮನೆಯದು. ಪರೀಕ್ಷೆ ಆಗಸ್ಟಿನಲ್ಲಿ ಆಗಿದೆ, ನೈಟ್ರೇಟ್ ಎಂಟು, ಹತ್ತರವರೆಗೆ ಇರಬಹುದಂತೆ. ಪಾಸು. ಅನುಜ್ ಕಾಗದ ತೋರಿಸಿ, “ಮಾವಂಗೆ ಹೇಳಿ ಅತ್ತೆ, ಎಲ್ಲಾ ಲಿಮಿಟ್ ಒಳಗೇ ಇದೆ,” ಎಂದ. ಬಾಟಲಿ ನೀರಿನ ಮಾತಿಗೆ ಭಾನು ಒಪ್ಪಲೇ ಇಲ್ಲ. ಪ್ಲಾಸ್ಟಿಕ್ ಚೂರು ಹೊಟ್ಟೆಗೆ ಹೋಗುತ್ತದಂತೆ, ಮಗುವಿಗೆ ಅದು ಬೇಡವಂತೆ. “ಆ ವೆಲ್ ವಾಟರ್ ಈಸ್ ನ್ಯಾಚುರಲ್, ಅಮ್ಮ,” ಎನ್ನುತ್ತಾಳೆ. ನನಗೂ ಸರಿ ಎನಿಸಿತು.

ಈ ವಾರ ಹೊಲಗಳಿಗೆ ಗೊಬ್ಬರ ಹಾಕಿದರು. ದೊಡ್ಡ ದೊಡ್ಡ ಬಿಳಿ ಟ್ಯಾಂಕುಗಳನ್ನು ಟ್ರ್ಯಾಕ್ಟರಿಗೆ ಕಟ್ಟಿ ನೆಲದೊಳಕ್ಕೆ ಏನೋ ಊಡಿಸುತ್ತಾರೆ. ಗಾಳಿ ಈ ಕಡೆ ಬೀಸಿದಾಗ ಕಣ್ಣು ಉರಿಯಿತು. ಕಿಟಕಿ ಮುಚ್ಚಿಸಿದೆ.

ಭಾನುವಿಗೆ ಏಳು ತುಂಬಿತು. ಈ ಸಲ ನಿಂತಿತು ಕಣೋ. ರಾಯರ ಫೋಟೊಗೆ ದಿನಾ ತುಪ್ಪದ ದೀಪ ಹಚ್ಚುತ್ತಿದ್ದೇನೆ. ನೀನೂ ಪ್ರಾರ್ಥಿಸು.

ನಿನ್ನ ಅಕ್ಕ,
ಅನಸೂಯ


ಲಾರ್ಕ್ಸ್ ಎಂಡ್
ಫೆಬ್ರವರಿ 9, 2025

ಪದ್ದು,

ಫೋಟೊ ಕುನಾಲನ ಫೋನಿಗೆ ಬಂದಿರುತ್ತದೆ, ಆದರೂ ನನ್ನ ಕೈಯಿಂದ ಬರೆಯದೆ ಸಮಾಧಾನವಿಲ್ಲ. ಜನವರಿ 29ರಂದು ಹೆಣ್ಣು. ತನಿಷಾ ಎಂದು ಹೆಸರು. ಆರು ಪೌಂಡ್ ಹತ್ತು ಔನ್ಸ್. ನಮ್ಮ ಅಮ್ಮನ ಮೂಗು, ಅದೇ ಮೊಂಡು.

ತಾಯಿಯ ಹಾಲು ಸಾಕಷ್ಟಿದೆ. ಮೆಂತ್ಯದ ಲೇಹ್ಯ ಮಾಡಿಕೊಡುತ್ತಿದ್ದೇನೆ, ಭಾನು ಮೂಗು ಮುಚ್ಚಿಕೊಂಡು ತಿನ್ನುತ್ತಾಳೆ. ಹೊರಗೆ ಸೊಂಟದೆತ್ತರ ಹಿಮ. ನೀನು ನಾಮಕರಣಕ್ಕೆ ಬರಲಿಲ್ಲ. ಮಂಡಿ ನೋವು ಎಂದೆ, ನಂಬಿದ್ದೇನೆ.

ಅನಸೂಯ


ವಾರೆನ್
ಫೆಬ್ರವರಿ 16, 2025

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ಕೂಸು ತಾಯಿಯ ಹಾಲು ಕುಡಿಯುತ್ತಿದೆ ಎಂದು ಓದಿ ಎಷ್ಟು ನೆಮ್ಮದಿಯಾಯಿತು ಎಂದು ಹೇಳಲಾರೆ. ಅದನ್ನೇ ಕುಡಿಯಲಿ. ಒಂದು ವರ್ಷ ಅದನ್ನೇ ಕುಡಿಯಲಿ. ಬೇರೆ ಏನನ್ನೂ ಕೊಡಬೇಡಿ.

ಮಂಡಿ ನಿಜವಾಗಿಯೂ ನೋಯುತ್ತಿತ್ತು.

ನಿನ್ನ ತಮ್ಮ,
ಪದ್ಮನಾಭ


ಲಾರ್ಕ್ಸ್ ಎಂಡ್
ಮಾರ್ಚ್ 7, 2025

ಪದ್ದುವಿಗೆ ಆಶೀರ್ವಾದ.

ಬರೆಯಲು ತಡವಾಯಿತು. ಭಾನುವಿಗೆ ಜ್ವರ ಬಂದು ಎದೆ ಕಟ್ಟಿತು. ಡಾಕ್ಟರು ಕೊಟ್ಟ ಮಾತ್ರೆಗಳ ಜೊತೆಗೆ ಹಾಲೂ ಬತ್ತಿತು. ಮೂರು ವಾರದಿಂದ ಪುಡಿ ಹಾಲೇ ಗತಿ. ಭಾನು ಅತ್ತಳು. ನಾನಿದ್ದೇನಲ್ಲ ಎಂದೆ.

ಬಾಟಲಿಯ ಕೆಲಸ ಪೂರಾ ನನ್ನದು. ನಿನ್ನ ನೀರಿನ ಭಯ ನೆನಪಿದೆ, ಅದಕ್ಕೇ ನಲ್ಲಿಯದನ್ನು ಹಾಗೇ ಕೊಡುವುದಿಲ್ಲ. ಬೆಳಗ್ಗೆ ಎದ್ದವಳೇ ಒಂದು ದೊಡ್ಡ ಪಾತ್ರೆ ನೀರಿಟ್ಟು ಅರ್ಧಕ್ಕೆ ಇಳಿಯುವ ತನಕ ಕುದಿಸುತ್ತೇನೆ. ಅಮ್ಮ ನಮಗೆಲ್ಲ ಮಾಡುತ್ತಿದ್ದುದು ಹಾಗೇ ಅಲ್ಲವೇ? ಭಾನು, “ಐದು ನಿಮಿಷ ಸಾಕು ಅಮ್ಮ,” ಎನ್ನುತ್ತಾಳೆ. ಇವರಿಗೇನು ಗೊತ್ತು. ಅರ್ಧಕ್ಕೆ ಇಳಿದರೆ ಆ ನೀರಿಗೆ ದೋಷವೇ ಇರುವುದಿಲ್ಲ.

ಹಿಮ ಕರಗಿ ಹೊಲವೆಲ್ಲ ನೀರು. ಒಂದು ದಿನ ಕೆರೆಯ ಹಾಗೆ ನಿಂತಿತ್ತು, ಮಾರನೆಯ ದಿನ ನಮ್ಮ ಕಡೆಯದೆಲ್ಲ ಇಂಗಿ ಹೋಯಿತು.

ಕೂಸು ಪುಡಿ ಹಾಲಿಗೆ ಹೊಂದಿಕೊಂಡಂತಿದೆ. ಅಳುವುದು ಕಡಿಮೆ, ನಿದ್ದೆ ಜಾಸ್ತಿ. ತುಟಿಯ ಸುತ್ತ, ಉಗುರಿನ ಬುಡದಲ್ಲಿ ಸ್ವಲ್ಪ ನೀಲಿ ಕಾಣುತ್ತದೆ. ಬಯಲಿನ ಮನೆ, ಚಳಿ ಒಳಗೇ ಬರುತ್ತದೆ. ಎರಡು ಕುಲಾವಿ ಹಾಕಿ ಸುತ್ತಿ ಮಲಗಿಸುತ್ತೇನೆ.

ಮಾಳವಿಕಾಗೂ ಏಳು ತಿಂಗಳು. ಮೇ ತಿಂಗಳಿಗಂತೆ. ನಮ್ಮ ಬೀದಿಯ ಮಣ್ಣು ಫಲವತ್ತು ಎಂದು ಅನುಜ್ ತಮಾಷೆ ಮಾಡುತ್ತಾನೆ.

ನಿನ್ನ ಅಕ್ಕ,
ಅನಸೂಯ


ವಾರೆನ್
ಮಾರ್ಚ್ 12, 2025

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ಪತ್ರ ತಲುಪಿತು. ಒಂದು ಸಣ್ಣ ಮಾತು. ನೀರನ್ನು ಹಾಗೆ ಅರ್ಧಕ್ಕೆ ಇಳಿಸುವುದು ಬೇಡ. ಕೆಲವು ಅಂಶಗಳು ಕುದಿಸಿದರೆ ಹೋಗುವುದಿಲ್ಲ, ದಟ್ಟವಾಗುತ್ತವೆ. ಸದ್ಯಕ್ಕೆ ಕೂಸಿಗೆ ಅಂಗಡಿಯ ನೀರನ್ನೇ ಬಳಸಿ. ಬೋರ್‌ವೆಲ್ ನೀರನ್ನು ಅನುಜ್ ಇನ್ನೊಮ್ಮೆ ಪರೀಕ್ಷೆ ಮಾಡಿಸಿದರೆ ಒಳ್ಳೆಯದು, ವಸಂತದಲ್ಲಿ ಅಂಕಿ ಏರುಪೇರಾಗುತ್ತದೆ. ನೀಲಿ ಕಂಡಿತು ಎಂದೆಯಲ್ಲ, ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಒಮ್ಮೆ ತೋರಿಸಿ.

ಗಾಬರಿಯಾಗುವಂಥದ್ದೇನೂ ಇಲ್ಲ.

ನಿನ್ನ ತಮ್ಮ,
ಪದ್ಮನಾಭ


ಸ್ಕೋಕಿ
ಮಾರ್ಚ್ 25, 2025

ಪದ್ದು,

ತನಿಷಾ ಬದುಕಿದ್ದಾಳೆ. ಮೊದಲು ಅದನ್ನು ಬರೆದುಬಿಡುತ್ತೇನೆ.

ಹದಿನೈದನೇ ತಾರೀಕು ಶನಿವಾರ, ಬೆಳಗಿನ ಬಾಟಲಿ ಕುಡಿಸಿ ತೇಗಿಸಲು ಹೆಗಲಿಗೆ ಹಾಕಿಕೊಂಡೆ. ತೇಗಲಿಲ್ಲ. ಇಳಿಸಿ ನೋಡಿದರೆ ಮುಖ ಸ್ಲೇಟಿನ ಬಣ್ಣ. ಕೈ ಎತ್ತಿ ಬಿಟ್ಟರೆ ಬಿದ್ದುಹೋಯಿತು. ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಆಂಬುಲೆನ್ಸಿನವರು ಆಕ್ಸಿಜನ್ ಇಟ್ಟರೂ ಬಣ್ಣ ತಿರುಗಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ತೆಗೆದರೆ ಅದು ಕೆಂಪಗಿರಲಿಲ್ಲ ಕಣೋ, ಚಾಕೊಲೇಟಿನ ಬಣ್ಣ. ಅದನ್ನು ನೋಡಿಯೇ ಡಾಕ್ಟರಿಗೆ ಗೊತ್ತಾಯಿತಂತೆ. ನೀಲಿ ಬಣ್ಣದ ಒಂದು ಔಷಧಿಯನ್ನು ನರಕ್ಕೆ ಕೊಟ್ಟರು. ಅರ್ಧ ಗಂಟೆಯಲ್ಲಿ ತುಟಿ ಕೆಂಪಾಯಿತು. ಆರು ದಿನ ಇಟ್ಟುಕೊಂಡರು. ಮೆದುಳಿಗೆ ಏನಾದರೂ ಆಗಿದೆಯೇ ಎಂದು ಈಗಲೇ ಹೇಳಲಾಗದಂತೆ. ಬೆಳೆಯಬೇಕು, ನೋಡಬೇಕು.

ಡಾಕ್ಟರು ಹೇಳಿದ್ದನ್ನು ಅನುಜ್ ನನಗೆ ಕಾಗದದ ಮೇಲೆ ಬರೆದು ತೋರಿಸಿದ. ನಲ್ಲಿಯ ನೀರಿನಲ್ಲಿ ನೈಟ್ರೇಟ್ ಮೂವತ್ತೊಂದು. ನಾನು ಕುದಿಸಿಟ್ಟಿದ್ದರಲ್ಲಿ ಅರವತ್ತರ ಮೇಲೆ. ಆ ಎರಡು ಅಂಕಿಗಳ ಕೆಳಗೆ ಅವನು ಏನನ್ನೂ ಬರೆಯಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ನಾನು ಕೈಯಾರೆ ವಿಷವನ್ನು ಇಳಿಸಿ, ಆರಿಸಿ, ಎದೆಗವಚಿಕೊಂಡು ಕುಡಿಸಿದೆ. ಆಸ್ಪತ್ರೆಯಿಂದ ಬಂದ ದಿನ ಮಗುವನ್ನು ಎತ್ತಿಕೊಳ್ಳಲು ಹೋದೆ, ಭಾನು ಸ್ವಲ್ಪ ಆಚೆ ತಿರುಗಿದಳು. ಅಷ್ಟೇ. ಮಾರನೆಯ ದಿನ ನಾನೇ ಹೊರಟು ಬಂದೆ. ಇಲ್ಲಿ ನನ್ನ ಹಳೆಯ ಪಕ್ಕದ ಮನೆಯವರು ಒಂದು ಕೋಣೆ ಕೊಟ್ಟಿದ್ದಾರೆ. ಊಟ ಸೇರುತ್ತಿಲ್ಲ. ಎಪ್ಪತ್ತನಾಲ್ಕು ವರ್ಷ ಬದುಕಿ ಇದನ್ನು ಮಾಡಿದೆನಲ್ಲ ಎಂದು ಕೈಗಳನ್ನೇ ನೋಡುತ್ತಾ ಕೂರುತ್ತೇನೆ.

ನಿನ್ನ ಪತ್ರ ಅದೇ ಶನಿವಾರ ಮಧ್ಯಾಹ್ನ ಬಂದಿತ್ತು. ತೆಗೆಯಲು ಮನೆಯಲ್ಲಿ ಯಾರೂ ಇರಲಿಲ್ಲ. ಮುನ್ನೂರು ಮೈಲಿ ದೂರದಲ್ಲಿ ಕೂತ ನಿನಗೆ ಹೊಳೆದದ್ದು ಪಕ್ಕದಲ್ಲಿದ್ದ ನನಗೆ ಹೊಳೆಯಲಿಲ್ಲ. ಪುಣ್ಯಾತ್ಮ ನೀನು. ಭಾನು ಹೇಳಿದಳು, ಆ ವಾರ ಮಂಗಳವಾರ ನೀನು ಅವಳಿಗೆ ಫೋನ್ ಮಾಡಿದ್ದೆಯಂತೆ, ಎರಡು ನಿಮಿಷ ಏನೋ ಮಾತಾಡಿದೆಯಂತೆ. ನನ್ನ ಪತ್ರ ನಿನಗೆ ಬುಧವಾರ ಸಿಕ್ಕಿರಬೇಕು. ಒಂದು ದಿನ ಮುಂಚೆ ಸಿಕ್ಕಿದ್ದರೆ ನೀನು ಫೋನಿನಲ್ಲೇ ಹೇಳಿಬಿಡುತ್ತಿದ್ದೆ. ನನ್ನ ಹಣೆಬರಹ.

ಹಳೆಯ ಬೋರ್‌ವೆಲ್ಲಿನ ಪೈಪು ಬಿರುಕು ಬಿಟ್ಟಿರಬೇಕು ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಅದನ್ನು ಸರಿಮಾಡಿಸುತ್ತಾರಂತೆ. ಮಾಳವಿಕಾಳದು ಹೊಸ ಬೋರ್‌ವೆಲ್, ಅವಳಿಗೆ ಭಯವಿಲ್ಲ.

ಅನಸೂಯ


ವಾರೆನ್
ಮಾರ್ಚ್ 29, 2025

ಅಕ್ಕ,

ವಿಷ ನಿನ್ನ ಕೈಯದಲ್ಲ, ನನ್ನದು. ಅಕ್ಟೋಬರಿನಲ್ಲಿ ನಿನಗೊಂದು ಪತ್ರ ಬರೆದು ಇಟ್ಟುಕೊಂಡಿದ್ದೆ, ಇದರ ಜೊತೆಗಿದೆ. ಮೊದಲು ಅದನ್ನು ಓದು. ಬಿರುಕು ಬಿಟ್ಟ ಪೈಪು ಯಾವುದೂ ಇಲ್ಲ. ಒಂಬತ್ತರಿಂದ ಹದಿನಾಲ್ಕರವರೆಗೆ ಆರು ಮನೆಗಳ ಕೆಳಗೂ ಅದೇ ಜಲ್ಲಿ ಇದೆ ಎಂದು ನಾನು ನಂಬುತ್ತೇನೆ. ಹೊಸ ಬೋರ್‌ವೆಲ್ ಆದರೂ ಅದೇ ನೀರು.

ನಿನ್ನೆ ಕೌಂಟಿ ಕಚೇರಿಗೆ ಫೀಲ್ಡ್ ಪುಸ್ತಕದ ಪುಟಗಳನ್ನು ಕಳಿಸಿ, ನನ್ನ ರಿಪೋರ್ಟು ಸುಳ್ಳು ಎಂದು ಬರೆದುಕೊಟ್ಟೆ. ಇವತ್ತು ಬೆಳಗ್ಗೆ ಆರು ಮನೆಗಳಿಗೂ ನಾನೇ ಫೋನ್ ಮಾಡಿದೆ. ಐದು ಮನೆಯವರು ಮಾತಿಗೆ ಸಿಕ್ಕರು. ಹದಿಮೂರರಲ್ಲಿ ಫೋನ್ ಎತ್ತುತ್ತಿಲ್ಲ, ಅಲ್ಲಿ ಎರಡು ಸಣ್ಣ ಮಕ್ಕಳಿದ್ದಾರಂತೆ. ಇದನ್ನು ಬರೆಯುತ್ತಲೇ ಮತ್ತೆ ಮತ್ತೆ ಮಾಡುತ್ತಿದ್ದೇನೆ. ಮಾಳವಿಕಾ ಪೂರ್ತಿ ಕೇಳಿಸಿಕೊಂಡು, “ಅಂಕಲ್, ನಾವು ನಿಮ್ ಸೈನ್ ನೋಡೇ ತಗೊಂಡ್ವಲ್ಲಾ,” ಎಂದಳು. ಅನುಜ್ ಎಲ್ಲ ಕೇಳಿ ಫೋನನ್ನು ಭಾನುವಿನ ಕೈಗೆ ಕೊಟ್ಟ. ಅವಳಿಗೂ ಹೇಳಿದೆ. ಅಮ್ಮನ ತಪ್ಪಿಲ್ಲ, ಅವರನ್ನು ಕರೆದುಕೊಂಡು ಬಾ ಎಂದೆ. ಅವಳು ಬರುತ್ತಾಳೆ, ನನಗೆ ಗೊತ್ತು. ಅವಳು ಬಂದಾಗ ಬೇಡ ಎನ್ನಬೇಡ.

ಇವೆಲ್ಲವನ್ನೂ ಹೇಳಲು ಇಷ್ಟು ದಿನ ಯಾಕೆ ಆಗಲಿಲ್ಲ ಎಂದು ನೀನು ಕೇಳುತ್ತೀಯೆ. ನಲವತ್ತು ವರ್ಷದ ಹೆಸರು ಎಂದು ನನಗೆ ನಾನೇ ಹೇಳಿಕೊಂಡೆ. ಎಂಟು ಎಂಬ ಅಂಕಿಯನ್ನು ಹಿಡಿದುಕೊಂಡೆ. ತಾಯಿಯ ಹಾಲನ್ನು ಹಿಡಿದುಕೊಂಡೆ. ಯಾವುದನ್ನು ಹಿಡಿದುಕೊಂಡರೂ ಸಾಕಾಗಿತ್ತು.

ನೀನು ನನಗಾಗಿ ಒಂದು ಬುಧವಾರವನ್ನು ಹುಡುಕಿಕೊಟ್ಟಿದ್ದೀಯೆ. ಅದನ್ನು ಇಟ್ಟುಕೊಂಡು ಸಾಯಲಾರೆ. ನಿನ್ನ ಪತ್ರ ಮಂಗಳವಾರ ಹನ್ನೊಂದು ಗಂಟೆಗೆ ಬಂತು. ತುಟಿಯ ಸುತ್ತ ನೀಲಿ ಎಂದು ಓದಿದ ಕೂಡಲೇ ಭಾನುವಿಗೆ ಫೋನ್ ಮಾಡಿದೆ. ಕಾಗದ ತೊಡೆಯ ಮೇಲೆ ತೆರೆದೇ ಇತ್ತು. ಹೇಳಬೇಕೆಂದೇ ಮಾಡಿದ್ದು. ಅವಳು, “ಏನ್ ಮಾವ, ಅಪರೂಪಕ್ಕೆ!” ಎಂದು ಅಷ್ಟು ಸಂತೋಷಪಟ್ಟಳು. ಹವೆ ಹೇಗಿದೆ ಎಂದು ಕೇಳಿದೆ. ಕೂಸು ಹೇಗಿದೆ ಎಂದು ಕೇಳಿದೆ.

“ಫುಲ್ ಸ್ಲೀಪಿಂಗ್, ಮಾವ. ಎಬ್ಬಿಸಿದ್ರೂ ಏಳಲ್ಲ,” ಎಂದಳು.

“ಒಳ್ಳೇದಮ್ಮ, ಮಲಗ್ಲಿ ಬಿಡು,” ಎಂದು ಫೋನ್ ಇಟ್ಟೆ.

ಪದ್ಮನಾಭ